‘ನಮ್ಮೋರದ್ದೇ ಗಾಡಿ’ ಅಂದರೆ ತಪಾಸಣೆ ಆಯಿತು ಎಂದಲ್ಲ

ಗಲ್ಫ್‌ನಿಂದ ರಜೆಗೆ ಬಂದವರ ಮನೆಯಲ್ಲಿ ಮೊದಲ ವಾರ ನೆಂಟರಿಷ್ಟರದ್ದು, ಎರಡನೇ ವಾರ ಮದುವೆ, ನಿಶ್ಚಿತಾರ್ಥಗಳದ್ದು. ಮೂರನೇ ವಾರಕ್ಕೆ ಒಂದು ಮಾತು ಬಂದೇ ಬರುತ್ತದೆ: ‘ಮನೆಗೊಂದು ಗಾಡಿ ಬೇಕಲ್ಲ?’ ಉಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ರಾತ್ರಿ ಹೊತ್ತು ಏನಾದರೂ ಆದರೆ ಆಟೊ ಸಿಗುವುದಿಲ್ಲ. ಬೇಡಿಕೆ ನ್ಯಾಯವಾದದ್ದೇ. ಹೊಸ ಕಾರಿಗೆ ದುಡ್ಡು ಸಾಲದು, ಬಡ್ಡಿ ಸಾಲಕ್ಕೆ ಮನಸ್ಸು ಒಪ್ಪದು. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು. ರಜೆ ಮುಗಿಯಲಿಕ್ಕೆ ಹತ್ತು ದಿನ ಇರುವಾಗ ಯಾರೋ ಒಬ್ಬರು ಬಂದು ಹೇಳುತ್ತಾರೆ: ‘ಒಳ್ಳೆ ಗಾಡಿ ಉಂಟು. ನಮ್ಮೋರದ್ದೇ. ಏನೂ ನೋಡ್ಲಿಕ್ಕಿಲ್ಲ.’

‘ಏನೂ ನೋಡ್ಲಿಕ್ಕಿಲ್ಲ’ ಎಂಬ ಈ ಮಾತಿನ ಬಗ್ಗೆಯೇ ಈ ವಾರ ಬರೆಯಬೇಕೆನಿಸಿದೆ. ಪರಿಚಯ, ನೆಂಟಸ್ತಿಕೆ, ಒಂದೇ ಜಮಾಅತ್ ಎಂಬ ಸಂಬಂಧ, ಇವೆಲ್ಲ ದೊಡ್ಡ ವಿಷಯಗಳೇ. ಆದರೆ ಇವು ಬ್ರೇಕ್ ಹಿಡಿಯುವುದಿಲ್ಲ, ತುಕ್ಕು ತಡೆಯುವುದಿಲ್ಲ, ನೆರೆಯಲ್ಲಿ ಮುಳುಗಿದ ಗಾಡಿಯ ವೈರಿಂಗ್ ಸರಿ ಮಾಡುವುದಿಲ್ಲ. ಮಾರುವವರು ಒಳ್ಳೆಯವರು ಎಂಬುದು ಒಂದು ಮಾತು, ಗಾಡಿ ಒಳ್ಳೆಯದು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿ ಎರಡನೆಯದನ್ನು ನಂಬುವುದರಿಂದ ಎಷ್ಟೋ ಮನೆಗಳ ಉಳಿತಾಯ ಗ್ಯಾರೇಜಿಗೆ ಹೋಗಿದೆ, ಎಷ್ಟೋ ಸಂಬಂಧಗಳು ಹಾಳಾಗಿವೆ.

ಇದರಲ್ಲಿ ವಿಚಿತ್ರವೊಂದಿದೆ. ಇದೇ ನಮ್ಮ ಹುಡುಗ ದಮ್ಮಾಮಿನಲ್ಲೋ ಜುಬೈಲಿನಲ್ಲೋ ಹಳೆಯ ಕಾರು ತೆಗೆಯುವಾಗ ಹೀಗೆ ಮಾಡುವುದಿಲ್ಲ. ಅಲ್ಲಿ ಮೊದಲ ಮಾತೇ ‘ಫಹಸ್ ಆಗಿದೆಯಾ?’ ಎಂಬುದು. ಸೌದಿಯಲ್ಲಿ ಖಾಸಗಿ ಕಾರಿಗೆ ಮೊದಲ ಮೂರು ವರ್ಷ ವಿನಾಯಿತಿ, ನಂತರ ವರ್ಷ ವರ್ಷ ತಪಾಸಣೆ. ಯುಎಇಯಲ್ಲೂ ಮೂರು ವರ್ಷ ದಾಟಿದ ಕಾರು ಪಾಸಿಂಗ್ ಆಗದೆ ಮುಲ್ಕಿಯ ನವೀಕರಣ ಆಗುವುದಿಲ್ಲ. ಅದರ ಮೇಲೆ, ಕೊಳ್ಳುವವ ತನ್ನ ಸ್ವಂತ ಖರ್ಚಿನಲ್ಲಿ ಗಾಡಿಯನ್ನು ಕಂಪ್ಯೂಟರ್ ಚೆಕಿಂಗ್‌ಗೆ ಹಾಕುವುದು ಅಲ್ಲಿ ಸಾಮಾನ್ಯ. ಮಾರುವವ ಸುಡಾನಿಯೇ ಇರಲಿ, ಈಜಿಪ್ಟಿನವನೇ ಇರಲಿ, ಅದನ್ನು ಅವಮಾನ ಎಂದು ತಿಳಿಯುವುದಿಲ್ಲ. ಅದೇ ಹುಡುಗ ಬಜ್ಪೆಯಲ್ಲಿ ವಿಮಾನ ಇಳಿದ ಮೇಲೆ, ‘ಕಾಕ ಹೇಳಿದ ಮೇಲೆ ಇನ್ನೇನು ನೋಡುವುದು’ ಎಂದು ದುಡ್ಡು ಎಣಿಸಿ ಕೊಡುತ್ತಾನೆ.

ಬ್ರಿಟನ್‌ನಲ್ಲಿ ಇರುವ ನಮ್ಮ ಮಕ್ಕಳನ್ನು ಕೇಳಿ ನೋಡಿ. ಅಲ್ಲಿ ಎಂಒಟಿ ಎಂಬ ವಾರ್ಷಿಕ ತಪಾಸಣೆ ಇದೆ. ಗಾಡಿಯ ನಂಬರ್ ಹೊಡೆದರೆ ಸಾಕು, ಯಾವ ವರ್ಷ ಪಾಸಾಯಿತು, ಯಾವ ವರ್ಷ ಫೇಲಾಯಿತು, ಯಾಕೆ ಫೇಲಾಯಿತು, ಆಗ ಮೀಟರ್ ಎಷ್ಟು ಓಡಿತ್ತು, ಎಲ್ಲವೂ ಸರಕಾರದ ಜಾಲತಾಣದಲ್ಲಿ ಉಚಿತವಾಗಿ ಕಾಣುತ್ತದೆ. ‘ಟಯರ್ ಸವೆದಿದೆ, ಬೇಗ ಬದಲಿಸಿ’ ಎಂಬ ಸಲಹೆ ಮೂರು ವರ್ಷದ ಹಿಂದೆ ಬಂದದ್ದಾದರೂ ಅದು ದಾಖಲೆಯಲ್ಲಿರುತ್ತದೆ. ಮಾರುವವನ ಬಾಯಿಯನ್ನು ನೋಡಿ ಕೂರಬೇಕಾಗಿಲ್ಲ.

ನಮ್ಮಲ್ಲಿ ಹಾಗಿಲ್ಲ. ಇದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ನಮ್ಮ ಕಾನೂನಿನಲ್ಲಿ ಟ್ಯಾಕ್ಸಿ, ಟೆಂಪೊ, ಬಸ್ಸುಗಳಿಗೆ ಮಾತ್ರ ಆಗಾಗ ಫಿಟ್‌ನೆಸ್ ತಪಾಸಣೆ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆ ಮೇಲೆ ವರ್ಷ ವರ್ಷ. ಬಿಳಿ ಬೋರ್ಡಿನ ಖಾಸಗಿ ಕಾರಿಗೆ ನೋಂದಣಿಯಾದ ದಿನದಿಂದ 15 ವರ್ಷ ಯಾವ ತಪಾಸಣೆಯೂ ಇಲ್ಲ. 15 ತುಂಬಿದ ಮೇಲೆ ಆರ್‌ಸಿ ನವೀಕರಿಸುವಾಗ ಒಮ್ಮೆ, ನಂತರ ಐದೈದು ವರ್ಷಕ್ಕೊಮ್ಮೆ. ಅಂದರೆ 12 ವರ್ಷದ ಒಂದು ಕಾರು ನಮ್ಮ ಅಂಗಳಕ್ಕೆ ಬಂದರೆ, ಅಷ್ಟೂ ವರ್ಷ ಸರಕಾರದ ಯಾವ ಇನ್‌ಸ್ಪೆಕ್ಟರನೂ ಅದರ ಬ್ರೇಕನ್ನು ಮುಟ್ಟಿ ನೋಡಿಲ್ಲ.

ಇಲ್ಲೇ ನಮ್ಮವರು ಮೋಸ ಹೋಗುವುದು. ಮೊಬೈಲಿನ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ‘ಫಿಟ್‌ನೆಸ್ 2033ರ ತನಕ’ ಎಂಬಂತೆ ಒಂದು ದಿನಾಂಕ ಬರುತ್ತದೆ. ಅದನ್ನು ತೋರಿಸಿ ಬ್ರೋಕರ್ ಹೇಳುತ್ತಾನೆ, ‘ನೋಡಿ, ಗವರ್ನಮೆಂಟೇ ಫಿಟ್ ಅಂತ ಹೇಳಿದೆ.’ ಹೇಳಿಲ್ಲ. ಖಾಸಗಿ ಕಾರಿನ ವಿಷಯದಲ್ಲಿ ಅದು ನೋಂದಣಿ ಮುಗಿಯುವ ದಿನಾಂಕ ಅಷ್ಟೇ. ಕಾರು ಗುಡ್ಡದಿಂದ ಬಿದ್ದು ಎದ್ದಿದ್ದರೂ ಆ ದಿನಾಂಕ ಅದೇ ಇರುತ್ತದೆ. ಪಿಯುಸಿ ಸರ್ಟಿಫಿಕೇಟೂ ಹಾಗೆಯೇ. ಅದು ಹೊಗೆಯ ಲೆಕ್ಕ, ಬ್ರೇಕಿನದ್ದೂ ಅಲ್ಲ, ಚಾಸಿಯದ್ದೂ ಅಲ್ಲ. ‘ಫುಲ್ ಇನ್ಶೂರೆನ್ಸ್ ಉಂಟು’ ಎಂದರೂ ಗಾಡಿ ಚೆನ್ನಾಗಿದೆ ಎಂದಾಗುವುದಿಲ್ಲ. ಈ ಮೂರು ಕಾಗದ ನೋಡಿ ‘ಎಲ್ಲ ಓಕೆ’ ಎಂದು ಎದ್ದು ಬರುವವರೇ ನಮ್ಮಲ್ಲಿ ಹೆಚ್ಚು.

ಹಾಗಾದರೆ ಏನು ಮಾಡುವುದು? ಸರಕಾರ ಬರೆದಿಡದ ಚರಿತ್ರೆಯನ್ನು ನಾವೇ ಜೋಡಿಸಬೇಕು. ಇದು ಕಷ್ಟದ ಕೆಲಸವೇನಲ್ಲ. ಎರಡು ದಿನ ಬೇಕು, ಒಬ್ಬ ನಂಬಿಗಸ್ತ ಮೆಕ್ಯಾನಿಕ್ ಬೇಕು, ಸ್ವಲ್ಪ ದಾಕ್ಷಿಣ್ಯ ಬಿಡಬೇಕು.

ಮೊದಲು ಕಾಗದ. ಆರ್‌ಸಿಯ ಅಸಲು ಪ್ರತಿಯನ್ನೇ ಕೇಳಿ, ವಾಟ್ಸ್‌ಆ್ಯಪ್ ಫೋಟೊ ಸಾಲದು. ಅದರಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯಲ್ಲಿ ಕೆತ್ತಿರುವ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ಸರಿ ಹೋಗಬೇಕು. ಕೆತ್ತಿದ ಜಾಗದಲ್ಲಿ ಉಜ್ಜಿದ, ವೆಲ್ಡ್ ಮಾಡಿದ, ಹೊಸದಾಗಿ ಬಣ್ಣ ಬಳಿದ ಗುರುತು ಕಂಡರೆ ಮಾತು ಅಲ್ಲಿಗೇ ನಿಲ್ಲಿಸಿ ಎದ್ದು ಬನ್ನಿ. ಗಾಡಿ ಕಳವಿನದ್ದೋ ಎಂದು ನೋಡಲಿಕ್ಕೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಜಾಲತಾಣದಲ್ಲಿ ಸೌಕರ್ಯ ಇದೆ. ಆರ್‌ಸಿಯಲ್ಲಿ ಎಷ್ಟನೇ ಮಾಲಕ ಎಂಬುದೂ ಇರುತ್ತದೆ. ‘ಒಬ್ಬರೇ ಓಡಿಸಿದ್ದು’ ಎಂಬ ಮಾತಿಗೂ ಅದಕ್ಕೂ ತಾಳೆಯಾಗುತ್ತದಾ ನೋಡಿ. ಗಾಡಿ ಮೊದಲು ಹಳದಿ ಬೋರ್ಡಿನ ಟ್ಯಾಕ್ಸಿಯಾಗಿತ್ತೇ ಎಂಬುದನ್ನು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಟ್ಯಾಕ್ಸಿಯಾಗಿದ್ದದ್ದು ಪಾಪವಲ್ಲ, ಆದರೆ ಅದಕ್ಕೆ ಮನೆಗಾಡಿಯ ರೇಟು ಕೊಡಬೇಕಾಗಿಲ್ಲ.

ಸಾಲದ ವಿಷಯ ಇನ್ನೂ ಮುಖ್ಯ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಆ ಗಾಡಿ ಪೂರ್ತಿಯಾಗಿ ಮಾರುವವನ ಕೈಯಲ್ಲಿಲ್ಲ ಎಂದು ತಿಳಿಯಿರಿ. ‘ಸಾಲ ಕಟ್ಟಿ ಆಗಿದೆ, ಹೆಸರು ತೆಗೆಸಿಲ್ಲ ಅಷ್ಟೆ’ ಎನ್ನುವವರು ಬಹಳ. ಕಟ್ಟಿ ಆಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಹಿ ಹಾಕಿದ ಫಾರ್ಮ್ 35 ಎರಡೂ ಕೈಯಲ್ಲಿರಬೇಕು. ಅದು ಬಂದ ಮೇಲೆ ದುಡ್ಡು. ಬಾಕಿ ಇರುವ ಟ್ರಾಫಿಕ್ ದಂಡವನ್ನೂ ಪರಿವಾಹನ್ ಇ-ಚಲನ್‌ನಲ್ಲಿ ನೋಡಿ, ಇಲ್ಲದಿದ್ದರೆ ಹೆಸರು ಬದಲಾಯಿಸಲಿಕ್ಕೆ ಹೋದ ದಿನ ಅದು ನಿಮ್ಮ ತಲೆಗೆ ಬರುತ್ತದೆ.

ಗಡಿಯಾಚೆಯ ಗಾಡಿಗೆ ಇನ್ನೊಂದು ಲೆಕ್ಕ. ಉಪ್ಪಳ, ಮಂಜೇಶ್ವರ, ಕಾಸರಗೋಡಿನಲ್ಲಿ ನಮ್ಮ ನೆಂಟಸ್ತಿಕೆ ಬಹಳ. ಹಾಗಾಗಿ ಕೆಎಲ್-14 ಗಾಡಿ ಕಡಿಮೆಗೆ ಸಿಕ್ಕಿತು ಎಂದು ತರುವವರಿದ್ದಾರೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ಮತ್ತೆ ನೋಂದಣಿ ಆಗಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು. ಕಾರಿನ ಬೆಲೆಗೆ ಈ ಖರ್ಚನ್ನು ಕೂಡಿಸಿದ ಮೇಲೂ ಅದು ಕಡಿಮೆಯೇ ಎಂದಾದರೆ ಮಾತ್ರ ಮುಂದುವರಿಯಿರಿ.

ಇನ್ನು ಗಾಡಿ ಎಷ್ಟು ಓಡಿದೆ ಎಂಬುದು. ಮೀಟರ್ ಹಿಂದಕ್ಕೆ ತಿರುಗಿಸುವುದು ಈಗ ಡಿಜಿಟಲ್ ಕಾಲದಲ್ಲಿ ಇನ್ನೂ ಸುಲಭ. ಹಾಗಾಗಿ ಮೀಟರನ್ನು ನೋಡುವ ಮೊದಲು ಸರ್ವಿಸ್ ದಾಖಲೆಯನ್ನು ನೋಡಿ. ಕಂಪೆನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಂದಾಗಲೆಲ್ಲ ತಾರೀಕು, ಕಿಲೋಮೀಟರ್, ಮಾಡಿದ ಕೆಲಸ ಕಂಪ್ಯೂಟರಿಗೆ ಏರುತ್ತದೆ. ಮಾಲಕನನ್ನೇ ಜೊತೆಗೆ ಕರೆದುಕೊಂಡು ಹೋಗಿ ಅದರ ಪ್ರತಿ ತೆಗೆಸಿ. 2021ರಲ್ಲಿ 88 ಸಾವಿರ ಕಿಲೋಮೀಟರ್ ಎಂದು ಅಲ್ಲಿ ಬರೆದಿದ್ದು, ಇವತ್ತು ಮೀಟರ್ 62 ಸಾವಿರ ತೋರಿಸಿದರೆ ಮತ್ತೆ ವಿಚಾರಣೆ ಬೇಕಾಗಿಲ್ಲ. ದಾಖಲೆ ಇಲ್ಲ, ಹೊರಗಡೆ ಸರ್ವಿಸ್ ಮಾಡಿಸಿದ್ದು ಎಂದರೆ ಆ ಗ್ಯಾರೇಜಿನ ಬಿಲ್ಲುಗಳನ್ನಾದರೂ ಕೇಳಿ. ಅದೂ ಇಲ್ಲದಿದ್ದರೆ ಗಾಡಿಯೇ ಹೇಳುತ್ತದೆ: 40 ಸಾವಿರ ಓಡಿದ ಕಾರಿನ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆಯುವುದಿಲ್ಲ, ಸ್ಟಿಯರಿಂಗ್ ಹೊಳೆಯುವುದಿಲ್ಲ, ಡ್ರೈವರ್ ಸೀಟಿನ ಅಂಚು ಕುಸಿಯುವುದಿಲ್ಲ.

ಅಪಘಾತದ ಚರಿತ್ರೆಗೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಒಂದು ಸುಳುಹು ಇದೆ. ಅದು ನೋ ಕ್ಲೇಮ್ ಬೋನಸ್, ಎನ್‌ಸಿಬಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಶೇ. 20, ನಂತರ 25, 35, 45, ಐದು ವರ್ಷ ಮಾಡದಿದ್ದರೆ ಶೇ. 50. ಆರು ವರ್ಷ ಒಬ್ಬರದ್ದೇ ಕೈಯಲ್ಲಿದ್ದ ಕಾರಿನ ಪಾಲಿಸಿಯಲ್ಲಿ ಎನ್‌ಸಿಬಿ ಸೊನ್ನೆ ಎಂದಿದ್ದರೆ, ಹೋದ ವರ್ಷ ಏನಾಯಿತು ಎಂದು ಕೇಳಬೇಕು. ಬಂಪರ್ ಗೀಚಿದ್ದಿರಬಹುದು, ಗಾಡಿ ಮಗುಚಿದ್ದೂ ಇರಬಹುದು, ಪಾಲಿಸಿ ನವೀಕರಣ ತಪ್ಪಿದ್ದೂ ಇರಬಹುದು. ಶೇ. 50 ಇದೆ ಎಂದ ಮಾತ್ರಕ್ಕೆ ಅಪಘಾತವೇ ಆಗಿಲ್ಲ ಎಂದೂ ಅಲ್ಲ. ಕೈಯಿಂದ ದುಡ್ಡು ಹಾಕಿ ರಿಪೇರಿ ಮಾಡಿಸಿದವರಿದ್ದಾರೆ, ಬೋನಸ್ ಉಳಿಸಿಕೊಳ್ಳುವ ಆಡ್-ಆನ್ ತೆಗೆದವರೂ ಇದ್ದಾರೆ. ಹಾಗಾಗಿ ವಿಮಾ ಕಂಪೆನಿಯಿಂದ ಕ್ಲೇಮ್ ವಿವರ ತರಿಸಿ ಕೊಡಲು ಮಾಲಕನಿಗೇ ಹೇಳಿ.

ಕಾಗದ ಮುಗಿಯಿತು, ಈಗ ಗಾಡಿ. ಹಗಲು ಹೊತ್ತಿನಲ್ಲೇ ನೋಡಿ. ರಾತ್ರಿ ಟ್ಯೂಬ್‌ಲೈಟಿನಡಿ, ಮಳೆಯಲ್ಲಿ ನೆನೆದಿರುವಾಗ ಯಾವ ಕಾರೂ ಚೆಂದವೇ. ಬಾಗಿಲು, ಬಾನೆಟ್, ಡಿಕ್ಕಿಗಳ ನಡುವಿನ ಸಂದು ಎರಡೂ ಬದಿ ಒಂದೇ ಅಗಲ ಇದೆಯಾ? ಬಾನೆಟಿನ ಬೋಲ್ಟುಗಳ ಬಣ್ಣ ಎದ್ದಿದೆಯಾ? ಎದ್ದಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ. ಗಾಜುಗಳ ಮೂಲೆಯಲ್ಲಿ ತಯಾರಿಯ ಗುರುತು ಇರುತ್ತದೆ, ಎಲ್ಲ ಗಾಜು 2017ರದ್ದಾಗಿ ಒಂದು ಮಾತ್ರ 2020ರದ್ದಾದರೆ ಕಾರಣ ಕೇಳಿ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಆಳ ಇದ್ದರೂ ಹಳೆಯ ಟಯರ್ ಹಳೆಯದೇ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಉರಿದು ಸ್ವಲ್ಪ ಹೊತ್ತಲ್ಲಿ ಆರಬೇಕು. ಉರಿಯದೇ ಇದ್ದರೂ ಅಪಾಯ, ಆರದೇ ಇದ್ದರೂ ಅಪಾಯ. ಅಪಘಾತದಲ್ಲಿ ಏರ್‌ಬ್ಯಾಗ್ ಒಡೆದು, ಹೊಸದು ಹಾಕದೆ ಕವರ್ ಮುಚ್ಚಿದ ಗಾಡಿಯ ಮುಂದಿನ ಸೀಟಿನಲ್ಲಿ ನಾಳೆ ಕೂರುವುದು ನಮ್ಮದೇ ಮನೆಯವರು.

ನಮ್ಮ ಕರಾವಳಿಗೆ ಎರಡು ವಿಶೇಷ ಶತ್ರುಗಳಿವೆ. ಒಂದು ಉಪ್ಪುಗಾಳಿ. ಉಳ್ಳಾಲ, ಸುರತ್ಕಲ್, ಮಲ್ಪೆಯಂಥ ಕಡಲ ಬದಿಯಲ್ಲಿ ಬಯಲಿನಲ್ಲೇ ನಿಂತ ಗಾಡಿ ಮೇಲಿನಿಂದ ಥಳಥಳಿಸುತ್ತದೆ, ಅಡಿಯಿಂದ ಕರಗುತ್ತಾ ಬರುತ್ತದೆ. ಹಾಗಾಗಿ ಲಿಫ್ಟಿಗೆ ಏರಿಸಿ ಅಡಿಭಾಗ ನೋಡದೆ ಕಾರು ತೆಗೆಯಲೇಬಾರದು. ಬಾಗಿಲಿನ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಕೂರುವ ಜಾಗ, ಬ್ರೇಕ್ ಪೈಪು, ಇವುಗಳ ತುಕ್ಕು ಬಣ್ಣದಿಂದ ಮುಚ್ಚುವಂಥದ್ದಲ್ಲ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದು ತಂದಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಿ.

ಎರಡನೆಯದು ನೆರೆ. 2015ರ ಕೊನೆಯಲ್ಲಿ ಚೆನ್ನೈ ಮುಳುಗಿತು, 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿತು. ಅಂಥ ನೆರೆಯಲ್ಲಿ ನೀರು ಕುಡಿದ ಗಾಡಿಗಳನ್ನು ವಿಮೆಯವರು ‘ಟೋಟಲ್ ಲಾಸ್’ ಎಂದು ಬರೆದು ಹರಾಜಿಗೆ ಬಿಡುತ್ತಾರೆ, ಅದನ್ನು ತೆಗೆದವರು ಒಣಗಿಸಿ, ತೊಳೆದು, ಪಾಲಿಶ್ ಹೊಡೆದು ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ದಾಟಿಸುತ್ತಾರೆ. ಅದು ಒಂದು ವರ್ಷ ಚೆನ್ನಾಗಿಯೇ ಓಡೀತು. ಆಮೇಲೆ ಒಂದೊಂದೇ ಸೆನ್ಸರ್, ಒಂದೊಂದೇ ವೈರು ಕೈ ಕೊಡುತ್ತದೆ. ಪತ್ತೆಗೆ ಸುಲಭ ಉಪಾಯ: ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಕಾಣುತ್ತದೆ. ಸೀಟಿನಡಿಯ ಕಬ್ಬಿಣದ ಹಳಿ ತುಕ್ಕು ಹಿಡಿದಿದೆಯಾ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು ಉಳಿದಿದೆಯಾ, ಹೆಡ್‌ಲೈಟಿನ ಒಳಗೆ ಮಂಜು ಕಟ್ಟಿದೆಯಾ ನೋಡಿ. ಮ್ಯಾಟ್ ಎತ್ತಿ ಮೂಸಿ ನೋಡಿ. ಅತ್ತರಿನಂಥ ಪರಿಮಳ ಜೋರಾಗಿ ಹೊಡೆದು ತಂದ ಗಾಡಿಯ ಬಗ್ಗೆ ಸಂಶಯ ಇರಲಿ.

ಕೊನೆಗೆ ಮೆಕ್ಯಾನಿಕ್. ಮಾರುವವನ ಮೆಕ್ಯಾನಿಕ್ ಅಲ್ಲ, ಬ್ರೋಕರ್ ಕರೆದುಕೊಂಡು ಬಂದವನೂ ಅಲ್ಲ, ನಿಮ್ಮವನು. ಅವನಿಗೆ ಅವನ ಅರ್ಧ ದಿನದ ಕೂಲಿ ಕೊಡಿ. ‘ನೀನು ನಮ್ಮೋನೇ ಅಲ್ವಾ, ಸ್ವಲ್ಪ ಬಂದು ನೋಡು’ ಎಂದು ಚಾ ಕುಡಿಸಿ ಕಳಿಸಿದರೆ ಅವನು ಬಾನೆಟ್ ಎತ್ತಿ, ಎಂಜಿನ್ ಶಬ್ದ ಕೇಳಿ, ‘ಪರವಾಗಿಲ್ಲ’ ಎನ್ನುತ್ತಾನೆ. ಕೂಲಿ ಕೊಟ್ಟರೆ ಲಿಫ್ಟಿಗೆ ಹಾಕುತ್ತಾನೆ, ಒಬಿಡಿ ಸ್ಕ್ಯಾನರ್ ಜೋಡಿಸಿ ಗಾಡಿಯ ಕಂಪ್ಯೂಟರಿನಲ್ಲಿ ಉಳಿದಿರುವ ದೋಷಗಳನ್ನು ಓದುತ್ತಾನೆ. ಎಂಜಿನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ನೀವು ತಲುಪುವಾಗ ಬಾನೆಟ್ ಬಿಸಿ ಇದ್ದರೆ ‘ಸಂಜೆ ಬರ್ತೇವೆ, ಅಲ್ಲಿ ತನಕ ಮುಟ್ಟಬೇಡಿ’ ಎಂದು ಹೇಳಿ ಬನ್ನಿ. ಡೀಸೆಲ್ ಗಾಡಿಯಾದರೆ ಹೊಗೆಯ ಬಣ್ಣ ನೋಡಿ, ಕ್ಲಚ್ ನೋಡಿ. ನಂತರ ಸಮತಟ್ಟು ಹೆದ್ದಾರಿಯಲ್ಲಿ ಮಾತ್ರ ಅಲ್ಲ, ನಾಲ್ಕು ಜನರನ್ನು ಕೂರಿಸಿ, ಎ.ಸಿ. ಹಾಕಿ, ಒಂದು ಏರು ಹತ್ತಿಸಿ. ನಮ್ಮ ಜಿಲ್ಲೆಯಲ್ಲಿ ಏರಿಗೆ ಬರವಿಲ್ಲ.

ಇಷ್ಟೆಲ್ಲ ಹೇಳಿದಾಗ ಬರುವ ಉತ್ತರ ನಮಗೆ ಗೊತ್ತು. ‘ಇಷ್ಟು ಕೇಳಿದರೆ ಅವರಿಗೆ ಬೇಜಾರಾಗುವುದಿಲ್ಲವಾ? ನೆಂಟರಲ್ವಾ?’ ನಾವು ತಿರುಗಿಸಿ ಕೇಳುತ್ತೇವೆ: ಕೇಳದೆ ತೆಗೆದು, ಆರು ತಿಂಗಳಲ್ಲಿ ಎಂಜಿನ್ ಬಿಚ್ಚಬೇಕಾಗಿ ಬಂದರೆ ಆಗ ಯಾರಿಗೂ ಬೇಜಾರಾಗುವುದಿಲ್ಲವಾ? ಮದುವೆ ಮನೆಯಲ್ಲಿ ಎದುರಾದಾಗ ಮುಖ ತಿರುಗಿಸುವುದು, ಹಿರಿಯರ ಎದುರು ಪಂಚಾತಿಕೆ, ಮಾತು ಬಿಟ್ಟ ಎರಡು ಮನೆಗಳು, ಇವೆಲ್ಲ ಎಷ್ಟೋ ಬಾರಿ ಶುರುವಾದದ್ದು ಒಂದು ಹಳೆಯ ಗಾಡಿಯಿಂದ. ಮೊದಲೇ ನೋಡಿ, ಕೇಳಿ, ಬರೆದು ತೆಗೆದರೆ ಸಂಬಂಧ ಉಳಿಯುತ್ತದೆ.

ಮಾರುವವರಿಗೂ ಮಾತು ಇದೆ. ನಮ್ಮ ಸಮುದಾಯ ಈ ವ್ಯವಹಾರದ ಎರಡೂ ಬದಿಯಲ್ಲಿದೆ. ಕೊಳ್ಳುವವರಲ್ಲಿ ನಾವಿದ್ದೇವೆ, ಹಳೆಯ ಕಾರಿನ ವ್ಯಾಪಾರ, ಗ್ಯಾರೇಜ್, ಬಿಡಿಭಾಗದ ಅಂಗಡಿಗಳಲ್ಲೂ ನಾವಿದ್ದೇವೆ. ದೋಷವನ್ನು ಮುಚ್ಚಿ ಮಾರಿದ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬುದನ್ನು ಫಿಕ್‌ಹ್‌ನ ವ್ಯಾಪಾರದ ಅಧ್ಯಾಯಗಳಲ್ಲಿ ನಮ್ಮ ಉಸ್ತಾದರು ಕಲಿಸುತ್ತಾರೆ. ಗೊತ್ತಿದ್ದ ದೋಷವನ್ನು ಹೇಳಿ ಮಾರುವುದು ಔದಾರ್ಯವಲ್ಲ, ಬಾಧ್ಯತೆ. ‘ಅವರು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂಬ ನೆಪ ಬಡ್ಡಿಯಿಂದ ದೂರ ನಿಲ್ಲುವ ಮನೆಗೆ ಹೊಂದುವುದಿಲ್ಲ. ಮರದ ಕೊಂಬೆ ಬಿದ್ದು ಮಾಡು ತಗ್ಗಿತ್ತು, ಒಮ್ಮೆ ಗೇರ್‌ಬಾಕ್ಸ್ ಇಳಿಸಿದ್ದೇವೆ, ಎ.ಸಿ. ಮಧ್ಯಾಹ್ನ ಹೊತ್ತು ಸಾಲುವುದಿಲ್ಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರೆ ಬೆಲೆ ಸ್ವಲ್ಪ ಇಳಿದೀತು. ಆದರೆ ರಾತ್ರಿ ನಿದ್ದೆ ಬರುತ್ತದೆ.

ಮಾರುವವರು ತಮ್ಮ ಸ್ವಂತ ರಕ್ಷಣೆಗಾಗಿ ತಿಳಿಯಬೇಕಾದದ್ದೂ ಇದೆ. ರಜೆ ಮುಗಿಯುವ ಗಡಿಬಿಡಿಯಲ್ಲಿ ಫಾರ್ಮ್ 29, ಫಾರ್ಮ್ 30ಕ್ಕೆ ಖಾಲಿ ಸಹಿ ಹಾಕಿ, ಕೀ ಕೊಟ್ಟು, ವಿಮಾನ ಹತ್ತುವವರು ನಮ್ಮಲ್ಲಿ ಎಷ್ಟು ಮಂದಿ! ಆ ಸಹಿ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ, ಗಾಡಿ ಮೂರು ಜನರನ್ನು ದಾಟುತ್ತದೆ, ಆರ್‌ಸಿಯಲ್ಲಿ ಹೆಸರು ಮಾತ್ರ ನಿಮ್ಮದೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಾ ಹೋಗಿತ್ತು, ನೋಂದಣಿ ಮೊದಲಿನವರ ಹೆಸರಲ್ಲೇ ಇತ್ತು, ಅಪಘಾತವಾಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕ, ಪರಿಹಾರದ ಹೊಣೆ ಅವರದ್ದೇ ಎಂದು ನ್ಯಾಯಾಲಯ ಹೇಳಿತು. ನೀವು ರಿಯಾದಿನಲ್ಲಿ ಡ್ಯೂಟಿಯಲ್ಲಿರುವಾಗ, ಮುಖ ನೋಡದ ಯಾರೋ ನಿಮ್ಮ ಹೆಸರಿನ ಗಾಡಿಯಲ್ಲಿ ಬಿ.ಸಿ.ರೋಡಿನಲ್ಲಿ ಒಬ್ಬರಿಗೆ ಡಿಕ್ಕಿ ಹೊಡೆದರೆ, ನೋಟಿಸ್ ಬರುವುದು ನಿಮ್ಮ ಉಮ್ಮ ಇರುವ ಮನೆಗೆ.

ಆದ್ದರಿಂದ ಹೆಸರು ಬದಲಾವಣೆಯನ್ನು ‘ಆಮೇಲೆ ಮಾಡುವ’ ಎಂದು ಬಿಡಬೇಡಿ. ರಾಜ್ಯದ ಒಳಗೇ ಮಾರಿದರೆ 14 ದಿನದೊಳಗೆ ಮಾರಿದವರು ಆರ್‌ಟಿಒಗೆ ತಿಳಿಸಬೇಕು, 30 ದಿನದೊಳಗೆ ಕೊಂಡವರು ಅರ್ಜಿ ಹಾಕಬೇಕು. ಮಂಗಳೂರು, ಉಡುಪಿ, ಪುತ್ತೂರು, ಬಂಟ್ವಾಳ, ಎಲ್ಲ ಕಡೆ ಕಚೇರಿ ಇದೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಮೂರನೆಯವರಿಗೆ ಆಗುವ ನಷ್ಟದ ವಿಮೆ ಗಾಡಿಯ ಜೊತೆಗೇ ಬರುತ್ತದೆ, ಆದರೆ ನಿಮ್ಮ ಗಾಡಿಗೆ ಆಗುವ ನಷ್ಟಕ್ಕೆ ಹಳೆಯ ಮಾಲಕನ ಹೆಸರಿನ ಪಾಲಿಸಿ ಕೈ ಹಿಡಿಯುವುದಿಲ್ಲ. ಹಳೆಯ ಮಾಲಕನ ಎನ್‌ಸಿಬಿ ಅವರದ್ದೇ, ನಿಮಗೆ ಬರುವುದಿಲ್ಲ, ಪ್ರೀಮಿಯಂ ಸ್ವಲ್ಪ ಏರುತ್ತದೆ, ಅದನ್ನೂ ಲೆಕ್ಕದಲ್ಲಿಡಿ. ಮಾರಿದವರು ತಮ್ಮ ಫಾಸ್ಟ್ಯಾಗನ್ನು ಮುಚ್ಚಿಸಬೇಕು, ಇಲ್ಲದಿದ್ದರೆ ತಲಪಾಡಿಯ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ದುಡ್ಡಿನ ವಿಷಯದಲ್ಲೂ ಒಂದು ಎಚ್ಚರ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ಒಂದು ವ್ಯವಹಾರದಲ್ಲಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿ. ಕೊಟ್ಟವನಿಗೂ ಪಡೆದವನಿಗೂ ಅದೇ ಸಾಕ್ಷಿ. ಒಂದು ಕರಾರುಪತ್ರದಲ್ಲಿ ಗಾಡಿ ನಂಬರ್, ಚಾಸಿ ನಂಬರ್, ಮೀಟರ್ ರೀಡಿಂಗ್, ಒಪ್ಪಿಕೊಂಡ ದೋಷಗಳು, ಗಾಡಿ ಕೈ ಬದಲಾದ ದಿನ ಮತ್ತು ಗಂಟೆ ಬರೆದಿರಲಿ. ಗಂಟೆ ಯಾಕೆಂದರೆ, ಅದೇ ದಿನ ಸಂಜೆ ಏನಾದರೂ ಆದರೆ ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗಬೇಕು.

ವ್ಯಾಪಾರಿಯಿಂದ ತೆಗೆಯುವುದಾದರೆ ಅವರಲ್ಲಿ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರ ಇದೆಯಾ ಎಂದು ಕೇಳಿ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಅದನ್ನು ಪಡೆಯಬೇಕೆಂದು ಕೇಂದ್ರದ ನಿಯಮ ಬಂದಿದೆ. ಮಾಲಕ ತನ್ನ ಗಾಡಿಯನ್ನು ಅಂಥ ವ್ಯಾಪಾರಿಗೆ ಒಪ್ಪಿಸಿ ಪೋರ್ಟಲಿನಲ್ಲಿ ತಿಳಿಸಿದ ಮೇಲೆ ಹೊಣೆ ವ್ಯಾಪಾರಿಯದ್ದು. ಗಲ್ಫ್‌ಗೆ ಹೊರಟು ನಿಂತವರಿಗೆ ಖಾಲಿ ಸಹಿಗಿಂತ ಇದು ಎಷ್ಟೋ ಮೇಲು. ವ್ಯಾಪಾರಿ ಮೋಸ ಮಾಡಿದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, ಗ್ರಾಹಕ ಸಹಾಯವಾಣಿ 1915 ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಆದ ಮಾರಾಟಕ್ಕೆ ಆ ದಾರಿ ಸುಲಭವಿಲ್ಲ. ‘ನಮ್ಮೋರದ್ದೇ ಗಾಡಿ’ಗೆ ಬರವಣಿಗೆ ಹೆಚ್ಚು ಬೇಕು ಎನ್ನುವುದು ಈ ಕಾರಣಕ್ಕೂ.

ಮನೆಯ ಹೆಂಗಸರಿಗೂ ಒಂದು ಮಾತು. ಕಾರಿನ ವಿಷಯ ಗಂಡಸರದ್ದು ಎಂದು ಒಳಗೆ ಕೂರಬೇಡಿ. ಅನೇಕ ಮನೆಗಳಲ್ಲಿ ಆ ಕಾರಿಗೆ ಹೋಗುವುದು ನಿಮ್ಮ ಬಳೆಯ ದುಡ್ಡು. ಗಂಡ ವಿಮಾನ ಹತ್ತಿದ ಮೇಲೆ ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು, ದಾರಿಯಲ್ಲಿ ನಿಂತರೆ ಯಾರಿಗೆ ಫೋನ್ ಮಾಡಬೇಕೆಂದು ತೋಚದೆ ನಿಲ್ಲುವುದು ನೀವು. ‘ಸರ್ವಿಸ್ ದಾಖಲೆ ನೋಡಿದಿರಾ? ಲಿಫ್ಟಿಗೆ ಹಾಕಿದಿರಾ? ಆರ್‌ಸಿ ಯಾರ ಹೆಸರಿಗೆ?’ ಎಂಬ ಮೂರು ಪ್ರಶ್ನೆ ನೀವು ಕೇಳಿದರೆ ಅರ್ಧ ಕೆಲಸ ಆದಂತೆ.

ನಮ್ಮ ಯುವಕ ಸಂಘಗಳಿಗೂ ಒಂದು ಸಲಹೆ ಇದೆ. ರಕ್ತದಾನ ಶಿಬಿರ, ಆ್ಯಂಬುಲೆನ್ಸ್ ಸೇವೆ, ಮದುವೆ ಸಹಾಯ, ಇವನ್ನೆಲ್ಲ ಎಷ್ಟು ಚೆನ್ನಾಗಿ ನಡೆಸುತ್ತೀರಿ. ನಿಮ್ಮ ಊರಿನ ಇಬ್ಬರು ಮೂವರು ನುರಿತ ಮೆಕ್ಯಾನಿಕರನ್ನು ಕೂಡಿಸಿ, ಇಂತಿಷ್ಟು ಎಂದು ಕೂಲಿ ನಿಗದಿ ಮಾಡಿ, ಕಾರು ಕೊಳ್ಳುವ ಮನೆಯವರಿಗೆ ತಪಾಸಣೆ ಮಾಡಿ ಲಿಖಿತ ವರದಿ ಕೊಡುವ ವ್ಯವಸ್ಥೆ ಮಾಡಬಾರದೇಕೆ? ಮೆಕ್ಯಾನಿಕರಿಗೆ ಹಲಾಲ್ ದುಡಿಮೆ, ಮನೆಯವರಿಗೆ ಧೈರ್ಯ. ಬ್ರೋಕರುಗಳಿಗೂ ಒಂದು ಅಂಕುಶ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಹೆದರುವುದಿಲ್ಲ, ಅವನಿಗೆ ಇದರಿಂದ ಲಾಭವೇ.

ಸರಕಾರದ ಮುಂದೆಯೂ ನಮ್ಮ ಬೇಡಿಕೆ ಇರಲಿ. 15 ವರ್ಷದ ತನಕ ಖಾಸಗಿ ಕಾರನ್ನು ಒಮ್ಮೆಯೂ ನೋಡದಿರುವುದು ರಸ್ತೆಯ ಸುರಕ್ಷತೆಗೆ ಒಳ್ಳೆಯದಲ್ಲ. ಕನಿಷ್ಠ ಗಾಡಿ ಕೈ ಬದಲಾಗುವಾಗಲಾದರೂ ಒಂದು ತಪಾಸಣೆ, ಆಗ ಮೀಟರ್ ಎಷ್ಟಿತ್ತು ಎಂಬ ಒಂದು ದಾಖಲೆ, ಅದನ್ನು ಮುಂದಿನ ಕೊಳ್ಳುವವನು ನೋಡುವ ಸೌಕರ್ಯ ಬೇಕು. ಅದು ಬರುವ ತನಕ ನಮ್ಮ ಕಣ್ಣೇ ನಮ್ಮ ಇನ್‌ಸ್ಪೆಕ್ಟರ್.

ಐದಾರು ವರ್ಷ ಮನೆ, ಮಕ್ಕಳು, ಊರು ಎಲ್ಲ ಬಿಟ್ಟು, ಬಿಸಿಲಲ್ಲಿ ಬೆಂದು ಕೂಡಿಟ್ಟ ದುಡ್ಡು ಅದು. ಅದನ್ನು ಕೊಡುವ ಮೊದಲು ಎರಡು ದಿನ ತಡ ಮಾಡಿದರೆ ಯಾವ ಗಾಡಿಯೂ ಓಡಿ ಹೋಗುವುದಿಲ್ಲ. ‘ಇವತ್ತೇ ತೆಗೆಯದಿದ್ದರೆ ಬೇರೆಯವರು ತೆಗೀತಾರೆ’ ಎಂದು ಯಾರಾದರೂ ಅವಸರ ಮಾಡಿದರೆ, ತೆಗೆಯಲಿ ಬಿಡಿ. ನೋಡಲು ಬಿಡದ ಗಾಡಿ ನಮಗೆ ಬೇಡ.